ಫೈಲಿಗೆ ಸಹಿ ಹಾಕುವವರು ಯಾರು?

"ಲಂಚ ತಿಂದವರನ್ನ ಗಲ್ಲಿಗೆ ಹಾಕಿಬಿಡಬೇಕು ಸಾರ್." ಭ್ರಷ್ಟಾಚಾರದ ಬಗ್ಗೆ ನಡೆಯುವ ಇಂಥ ಸಭೆಗಳಲ್ಲಿ ಒಬ್ಬರಾದರೂ ಎದ್ದು ನಿಂತು ಈ ಮಾತು ಹೇಳದೆ ಇರುವುದಿಲ್ಲ. ಚಪ್ಪಾಳೆಯೂ ಬೀಳುತ್ತದೆ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ವಕೀಲನಾದ ನನ್ನ ತಲೆಗೆ ಬರುವ ಪ್ರಶ್ನೆಗಳು ಬೇರೆ. ಗಲ್ಲು ಆಮೇಲಿನ ಮಾತು. ಮೊದಲು ಎಫ್‌ಐಆರ್ ಹಾಕುವವರು ಯಾರು? ಹಾಕೋದಕ್ಕೆ ಯಾರ ಅನುಮತಿ ಬೇಕು? ತನಿಖೆ ಮಾಡುತ್ತಿರುವ ಇನ್ಸ್‌ಪೆಕ್ಟರನ್ನು ನಾಳೆ ಬೆಳಿಗ್ಗೆ ವರ್ಗ ಮಾಡುವ ಅಧಿಕಾರ ಯಾರ ಕೈಯಲ್ಲಿದೆ? ವರದಿ ತಯಾರಾದರೆ ಅದು ಯಾರ ಮೇಜಿಗೆ ಹೋಗುತ್ತದೆ?

ಇವತ್ತು ನಾನು ಹೇಳಬೇಕೆಂದುಕೊಂಡಿರುವುದು ಇಷ್ಟೇ. ಭ್ರಷ್ಟಾಚಾರದ ವಿರುದ್ಧ ಹೊಸ ಕಾನೂನು ಬಂದಾಗ ಶಿಕ್ಷೆಯ ಕಲಮನ್ನು ಓದಿ ಖುಷಿಪಡಬೇಡಿ. ಅದರ ಹಿಂದೆ ಮುಂದೆ ಇರುವ ಸಣ್ಣ ಸಣ್ಣ ಕಲಮುಗಳನ್ನು ಓದಿ. ಪೇಪರಿನವರೂ ಬರೆಯದ, ಟಿವಿಯವರೂ ತೋರಿಸದ ಆ ಸಾಲುಗಳಲ್ಲೇ ಕೇಸು ನಿಲ್ಲುತ್ತದೋ ಬೀಳುತ್ತದೋ ತೀರ್ಮಾನವಾಗಿರುತ್ತದೆ.

ಉದಾಹರಣೆಗೆ ದೂರ ಹೋಗಬೇಕಾಗಿಲ್ಲ. ನೀವು ಹೊಸಪೇಟೆಯವರು. ಕಬ್ಬಿಣದ ಅದಿರಿನ ಕಥೆಯನ್ನು ನಿಮ್ಮ ಮುಂದೆ ಹೇಳುವುದು ಅಧಿಕಪ್ರಸಂಗವೇ. ಲಾರಿಗಳ ಸಾಲು, ಕೆಂಪು ಧೂಳು, ರಾತ್ರೋರಾತ್ರಿ ಬಂದ ದುಡ್ಡು, ಎಲ್ಲ ನೀವು ಕಣ್ಣಾರೆ ಕಂಡಿದ್ದೀರಿ. ನಾನು ಹೇಳುವುದು ಅದರ ಹಿಂದಿನ ಕಾಗದಪತ್ರದ ಕಥೆ.

2003ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಒಂದು ಅಧಿಸೂಚನೆ ಹೊರಡಿಸಿತು. ಸರ್ಕಾರಿ ಕಂಪನಿಗಳ ಗಣಿಗಾರಿಕೆಗೆಂದು ಕಾಯ್ದಿರಿಸಿದ್ದ 11,620 ಚದರ ಕಿಲೋಮೀಟರ್ ಪ್ರದೇಶವನ್ನು ಖಾಸಗಿಯವರಿಗೂ ತೆರೆಯಿತು. ಅದೇ ಹೊತ್ತಿಗೆ ಚೀನಾದಲ್ಲಿ ಉಕ್ಕಿಗೆ ಎಲ್ಲಿಲ್ಲದ ಬೇಡಿಕೆ. 2008ರ ಬೀಜಿಂಗ್ ಒಲಿಂಪಿಕ್ಸ್ ಮುಂದಿತ್ತು. ಅದಿರಿನ ಬೆಲೆ ಟನ್ನಿಗೆ ಸಾವಿರಗಳ ಲೆಕ್ಕಕ್ಕೆ ಹೋಯಿತು. ಸರ್ಕಾರಕ್ಕೆ ಬರುತ್ತಿದ್ದ ರಾಜಧನ, ಅಂದರೆ ರಾಯಲ್ಟಿ, ಎಷ್ಟು ಗೊತ್ತಾ? ಒಳ್ಳೆಯ ದರ್ಜೆಯ ಗಟ್ಟಿ ಅದಿರಿಗೂ ಟನ್ನಿಗೆ 27 ರೂಪಾಯಿ. 2009ರ ಆಗಸ್ಟ್‌ನಲ್ಲಿ ಅದನ್ನು ಬೆಲೆಯ ಶೇಕಡಾ 10 ಎಂದು ಬದಲಿಸಿದರು. ಅಷ್ಟು ಹೊತ್ತಿಗೆ ಎಷ್ಟು ಹಡಗು ಹೋಗಿದ್ದವೋ!

ಈಗ ಶಿಕ್ಷೆಯ ಕಲಮಿಗೆ ಬರೋಣ. ಗಣಿ ಮತ್ತು ಖನಿಜಗಳ ಕಾಯ್ದೆ 1957ರದ್ದು. ಅದರ 21ನೇ ಕಲಮಿನ ಪ್ರಕಾರ ಗುತ್ತಿಗೆ ಇಲ್ಲದೆ ಅಗೆದರೆ 2 ವರ್ಷದವರೆಗೆ ಜೈಲು, ಇಲ್ಲವೇ 25 ಸಾವಿರ ರೂಪಾಯಿವರೆಗೆ ದಂಡ. ಬೆಲೆ ಏರಿದ್ದ ದಿನಗಳಲ್ಲಿ ಒಂದು ಲಾರಿ ಲೋಡಿನ ಬೆಲೆಗೂ ಸಾಲದ ದಂಡ ಅದು. "ನೋಡಿ, ಶಿಕ್ಷೆ ಕಡಿಮೆ ಇದ್ದದ್ದೇ ಸಮಸ್ಯೆ ಅಲ್ವಾ" ಅನ್ನಬಹುದು ನೀವು. ಸ್ವಲ್ಪ ತಡೆಯಿರಿ. ಮುಂದಿನದು 22ನೇ ಕಲಮು. ಸರ್ಕಾರ ಅಧಿಕಾರ ಕೊಟ್ಟ ಅಧಿಕಾರಿಯೇ ಲಿಖಿತ ದೂರು ಕೊಡಬೇಕು, ಇಲ್ಲದಿದ್ದರೆ ಕೋರ್ಟು ಈ ಅಪರಾಧವನ್ನು ವಿಚಾರಣೆಗೆ ತೆಗೆದುಕೊಳ್ಳುವ ಹಾಗಿಲ್ಲ. ಅಂದರೆ ನಿಮ್ಮ ಹೊಲದ ಪಕ್ಕದ ಗುಡ್ಡವನ್ನೇ ಹೊತ್ತುಕೊಂಡು ಹೋದರೂ ಈ ಕಾಯ್ದೆಯಡಿ ನೀವು ನೇರವಾಗಿ ಕೋರ್ಟಿಗೆ ಹೋಗುವಂತಿಲ್ಲ. ಗಣಿ ಇಲಾಖೆಯ ಅಧಿಕಾರಿಯೇ ಹೋಗಬೇಕು. ಆ ಅಧಿಕಾರಿಗೆ ತಿಂಗಳು ತಿಂಗಳು ಮಾಮೂಲಿ ತಲುಪುತ್ತಿದ್ದರೆ? 21ನೇ ಕಲಮಿನಲ್ಲಿ ಗಲ್ಲು ಶಿಕ್ಷೆ ಬರೆದಿದ್ದರೂ 22ನೇ ಕಲಮು ಅದನ್ನು ಮಲಗಿಸಿಬಿಡುತ್ತಿತ್ತು.

2015ರಲ್ಲಿ 21ನೇ ಕಲಮಿಗೆ ತಿದ್ದುಪಡಿ ಬಂತು. ಜೈಲು 5 ವರ್ಷದವರೆಗೆ, ದಂಡ ಹೆಕ್ಟೇರಿಗೆ 5 ಲಕ್ಷದವರೆಗೆ ಏರಿತು. ಒಳ್ಳೆಯದೇ. ಆದರೆ ನನ್ನನ್ನು ಕೇಳಿದರೆ, ಅದಕ್ಕಿಂತ ದೊಡ್ಡ ಕೆಲಸ ಮಾಡಿದ್ದು 2014ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಒಂದು ತೀರ್ಪು. ಅದು ದೆಹಲಿಯ ಮರಳು ಕೇಸು. ಸರ್ಕಾರದ ಖನಿಜವನ್ನು ಅನುಮತಿ ಇಲ್ಲದೆ ಸಾಗಿಸುವುದು ಗಣಿ ಕಾಯ್ದೆಯ ಅಪರಾಧವಷ್ಟೇ ಅಲ್ಲ, ದಂಡ ಸಂಹಿತೆಯ ಪ್ರಕಾರ ಕಳ್ಳತನವೂ ಹೌದು, ಕಳ್ಳತನದ ಕೇಸನ್ನು ಪೊಲೀಸರೇ ದಾಖಲಿಸಬಹುದು ಎಂದಿತು ಕೋರ್ಟು. ಒಂದೇ ಏಟಿಗೆ ಗಣಿ ಅಧಿಕಾರಿಯ ಸಹಿಗಾಗಿ ಕಾಯುವುದು ತಪ್ಪಿತು. ಶಿಕ್ಷೆಯಲ್ಲಿ ಒಂದು ದಿನವೂ ಜಾಸ್ತಿ ಮಾಡದೆ ಆದ ಸುಧಾರಣೆ ಇದು.

ಬಳ್ಳಾರಿಯಲ್ಲಿ ನಡೆದದ್ದು ಒಬ್ಬಿಬ್ಬರ ಕಳ್ಳತನ ಆಗಿರಲಿಲ್ಲ. ಅದೊಂದು ವ್ಯವಸ್ಥೆ. ಗುತ್ತಿಗೆ ಒಬ್ಬರ ಹೆಸರಲ್ಲಿ, ಅಗೆಯುವವರು ಇನ್ನೊಬ್ಬರು. ಸರ್ಕಾರದ ಒಪ್ಪಿಗೆ ಇಲ್ಲದೆ ಗುತ್ತಿಗೆಯನ್ನು ಬೇರೆಯವರಿಗೆ ವಹಿಸುವಂತಿಲ್ಲ ಎಂದು 1960ರ ನಿಯಮಗಳಲ್ಲಿ 37ನೇ ನಿಯಮ ಇತ್ತು. ಅದನ್ನು ದಾಟಲು ರೈಸಿಂಗ್ ಕಾಂಟ್ರಾಕ್ಟ್ ಅಂತ, ಅದಿರು ಅಗೆದು ಕೊಡುವ ಗುತ್ತಿಗೆಯ ಹೆಸರಲ್ಲಿ, ಒಂದು ಕರಾರು ಮಾಡಿಕೊಂಡರು. ಪರ್ಮಿಟ್ಟಿನಲ್ಲಿ ಬರೆದದ್ದಕ್ಕಿಂತ ಹೆಚ್ಚು ಲೋಡು, ಒಂದೇ ಪರ್ಮಿಟ್ಟಿಗೆ ಹಲವು ಟ್ರಿಪ್ಪು, ಕೆಲವು ಕಡೆ ಪರ್ಮಿಟ್ಟೇ ಇಲ್ಲ. ಇದಕ್ಕೆಲ್ಲ ತಲೆಕೆಡಿಸಿಕೊಳ್ಳಬೇಡಿ, ದಾರಿಯುದ್ದಕ್ಕೂ ಯಾರೂ ಲಾರಿ ನಿಲ್ಲಿಸದ ಹಾಗೆ ನಾವು ನೋಡಿಕೊಳ್ಳುತ್ತೇವೆ, ದುಡ್ಡು ಕೊಟ್ಟರೆ ಸಾಕು ಎನ್ನುವ ಏರ್ಪಾಡಿತ್ತು. ಅದರ ಹೆಸರು ಝೀರೋ ರಿಸ್ಕ್. ಲೋಕಾಯುಕ್ತ ವರದಿಯಲ್ಲೇ ಈ ಹೆಸರು ಇದೆ. ಚೆಕ್‌ಪೋಸ್ಟ್, ಆರ್‌ಟಿಒ, ಅರಣ್ಯ, ಪೊಲೀಸ್, ಬಂದರು, ಎಲ್ಲರಿಗೂ ಪಾಲು. ಸಂಘಟಿತ ಅಪರಾಧ ಅಂದರೆ ನಮ್ಮ ಕಣ್ಣಿಗೆ ಮಚ್ಚು ಹಿಡಿದ ರೌಡಿಗಳು ಬರುತ್ತಾರೆ. ಇಲ್ಲಿ ಸಂಘಟನೆ ಇತ್ತು, ಅಪರಾಧ ಇತ್ತು, ಮಚ್ಚು ಬೇಕಾಗಿರಲಿಲ್ಲ. ರಬ್ಬರ್ ಸ್ಟ್ಯಾಂಪ್ ಸಾಕಾಗಿತ್ತು.

ಕರ್ನಾಟಕ-ಆಂಧ್ರ ಗಡಿಯ ಕಲ್ಲುಗಳೇ ಮಾಯವಾದವು. ಆ ಗಡಿಯಲ್ಲಿದ್ದ ಸುಗ್ಗಲಮ್ಮನ ಗುಡಿಯನ್ನು 2006ರಲ್ಲಿ ಸ್ಫೋಟಿಸಿ ಕೆಡವಿದ್ದು ನಿಮ್ಮಲ್ಲಿ ಹಿರಿಯರಿಗೆ ನೆನಪಿರುತ್ತದೆ.

ಇದರ ತನಿಖೆ ಲೋಕಾಯುಕ್ತರಿಗೆ ಹೇಗೆ ಹೋಯಿತು? ಇಲ್ಲೂ ಒಂದು ಸಣ್ಣ ಕಲಮು. ಲೋಕಾಯುಕ್ತ ಕಾಯ್ದೆಯ 7ನೇ ಕಲಮಿನ 2-ಎ ಉಪಕಲಮಿನ ಪ್ರಕಾರ ಸರ್ಕಾರವೇ ಯಾವುದಾದರೂ ವಿಷಯವನ್ನು ತನಿಖೆಗೆ ಒಪ್ಪಿಸಬಹುದು. 2007ರ ಮಾರ್ಚ್‌ನಲ್ಲಿ ಸರ್ಕಾರ ಹಾಗೆ ಒಪ್ಪಿಸಿತು. ಒಪ್ಪಿಸಿದವರಿಗೆ ಇದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಅನ್ನುವ ಅಂದಾಜು ಇರಲಿಲ್ಲ ಅಂತ ನನ್ನ ಅನುಮಾನ. ಆಗ ಲೋಕಾಯುಕ್ತರಾಗಿದ್ದವರು ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ. ಅವರ ಜೊತೆ ಅರಣ್ಯ ಸೇವೆಯ ಅಧಿಕಾರಿ ಯು.ವಿ. ಸಿಂಗ್ ಅವರ ತಂಡ. ಮೊದಲ ವರದಿ 2008ರ ಡಿಸೆಂಬರ್‌ನಲ್ಲಿ ಬಂತು. ಎರಡನೆಯದು 2011ರ ಜುಲೈ 27ರಂದು.

ಮಧ್ಯೆ ಬೇಲೆಕೇರಿ. ಅಂಕೋಲಾ ತಾಲ್ಲೂಕಿನ ಪುಟ್ಟ ಬಂದರು. 2010ರಲ್ಲಿ ಅಲ್ಲಿ ಅರಣ್ಯ ಇಲಾಖೆ ಲಕ್ಷಗಟ್ಟಲೆ ಟನ್ ಅದಿರನ್ನು ಜಪ್ತಿ ಮಾಡಿತು. ಕೆಲವೇ ತಿಂಗಳಲ್ಲಿ ಜಪ್ತಿಯಾದ ಅದಿರಿನ ಬಹುಪಾಲು ಹಡಗು ಹತ್ತಿ ಹೋಗಿತ್ತು. ಜಪ್ತಿ ಮಾಡಿದ ಅಧಿಕಾರಿ ಆರ್. ಗೋಕುಲ್ ಅವರನ್ನೇ ಅಮಾನತು ಮಾಡಲು ಹೊರಟರು. ಅದನ್ನು ಪ್ರತಿಭಟಿಸಿ ಸಂತೋಷ್ ಹೆಗ್ಡೆ ಜೂನ್‌ನಲ್ಲಿ ರಾಜೀನಾಮೆ ಕೊಟ್ಟರು, ಜುಲೈನಲ್ಲಿ ವಾಪಸ್ ತೆಗೆದುಕೊಂಡರು. ಬಂಗಾರದ ಅಂಗಡಿಯಲ್ಲಿ ಉಂಗುರ ಮಾಯವಾದರೆ ಸಿಸಿಟಿವಿ ನೋಡುತ್ತೇವೆ. ಲಕ್ಷಾಂತರ ಟನ್ ಮಣ್ಣು ಕ್ರೇನು, ಲಾರಿ, ಹಡಗು ಎಲ್ಲ ಬಳಸಿಕೊಂಡು ಹೋದರೆ ಯಾರಿಗೂ ಕಾಣಲಿಲ್ಲವಂತೆ!

2011ರ ವರದಿಯ ಲೆಕ್ಕದಲ್ಲಿ 2006ರಿಂದ 2010ರವರೆಗೆ ರಾಜ್ಯದ ಬೊಕ್ಕಸಕ್ಕೆ ಆದ ನಷ್ಟ 16,085 ಕೋಟಿ ರೂಪಾಯಿ. ಅಕ್ರಮವಾಗಿ ರಫ್ತಾದ ಅದಿರು 3 ಕೋಟಿ ಟನ್ನಿನ ಹತ್ತಿರ. ಏಳುನೂರಕ್ಕೂ ಹೆಚ್ಚು ಅಧಿಕಾರಿ, ನೌಕರರ ಹೆಸರು ಅದರಲ್ಲಿದ್ದವು. ನಾಲ್ಕೇ ದಿನದಲ್ಲಿ, ಜುಲೈ 31ರಂದು, ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ರಾಜೀನಾಮೆ ಕೊಟ್ಟರು.

ಕಥೆಯನ್ನು ಇಲ್ಲಿಗೆ ನಿಲ್ಲಿಸುವವರು ಜಾಸ್ತಿ. ನನಗೆ ಇಲ್ಲಿಂದಲೇ ಕುತೂಹಲ ಶುರುವಾಗುವುದು. ಯಾಕೆಂದರೆ ಇಲ್ಲಿಂದ ಎರಡು ದಾರಿ ಕವಲೊಡೆದವು.

ಒಂದು ದಾರಿ ಲೋಕಾಯುಕ್ತ ವರದಿಯದ್ದು. ಕಾಯ್ದೆಯ 12ನೇ ಕಲಮಿನ ಪ್ರಕಾರ ಲೋಕಾಯುಕ್ತರು ವರದಿಯನ್ನು ಸಕ್ಷಮ ಪ್ರಾಧಿಕಾರಕ್ಕೆ, ಅಂದರೆ ಕ್ರಮ ತೆಗೆದುಕೊಳ್ಳುವ ಅಧಿಕಾರ ಇರುವವರಿಗೆ, ಕಳಿಸುತ್ತಾರೆ. ಅದು ಶಿಫಾರಸು ಅಷ್ಟೇ. ಏನು ಕ್ರಮ ತೆಗೆದುಕೊಂಡೆವು ಅಂತ ಪ್ರಾಧಿಕಾರ 3 ತಿಂಗಳೊಳಗೆ ತಿಳಿಸಬೇಕು. ತೃಪ್ತಿಯಾಗದಿದ್ದರೆ ಲೋಕಾಯುಕ್ತರು ರಾಜ್ಯಪಾಲರಿಗೆ ವಿಶೇಷ ವರದಿ ಕೊಡಬಹುದು, ಅದು ಸದನದ ಮುಂದೆ ಬರುತ್ತದೆ. ಅಲ್ಲಿಗೆ ಮುಗಿಯಿತು. ಯಾರ ಮೇಲೆ ವರದಿ ಬಂದಿದೆಯೋ ಅವರ ಸಹೋದ್ಯೋಗಿಗಳೇ ಆ ವರದಿಯ ಮೇಲೆ ಕ್ರಮ ತೆಗೆದುಕೊಳ್ಳಬೇಕು. ವರದಿ ಆಧರಿಸಿ ಯಡಿಯೂರಪ್ಪನವರ ಮೇಲೆ ಹಾಕಿದ್ದ ಎಫ್‌ಐಆರನ್ನು 2012ರ ಮಾರ್ಚ್‌ನಲ್ಲಿ ಹೈಕೋರ್ಟ್ ರದ್ದು ಮಾಡಿತು. ಮುಖ್ಯ ಕಾರಣಗಳಲ್ಲಿ ಒಂದು ಏನು ಗೊತ್ತಾ? ಅವರ ವಿರುದ್ಧ ಬರೆಯುವ ಮುಂಚೆ ಅವರಿಗೆ ಹೇಳಿಕೊಳ್ಳಲು ಅವಕಾಶ ಕೊಟ್ಟಿರಲಿಲ್ಲ. ಸಾವಿರಾರು ಪುಟದ ವರದಿಯ ಆ ಭಾಗ ಒಂದು ನೋಟಿಸಿನ ಮೇಲೆ ಬಿತ್ತು. ಆಮೇಲೆ ಸಿಬಿಐ ಕೇಸು ನಡೆಯಿತು, 2016ರ ಅಕ್ಟೋಬರ್‌ನಲ್ಲಿ ಸಿಬಿಐ ವಿಶೇಷ ನ್ಯಾಯಾಲಯ ಅವರನ್ನು ಖುಲಾಸೆ ಮಾಡಿತು. ಹೈಕೋರ್ಟ್ ತಪ್ಪು ಮಾಡಿತು ಎಂದು ನಾನು ಹೇಳುತ್ತಿಲ್ಲ. ಆರೋಪಿಯ ಮಾತನ್ನೂ ಕೇಳಬೇಕು ಅನ್ನುವುದು ಎಲ್ಲರ ರಕ್ಷಣೆಗೂ ಇರುವ ನಿಯಮ, ನಿಮಗೂ ನನಗೂ ಸೇರಿ. ಹೋರಾಟಗಾರರಿಗೆ ಇದು ಕಿರಿಕಿರಿ ಅನಿಸುತ್ತದೆ. ಆದರೆ ಇದನ್ನು ಬಿಟ್ಟು ಕಟ್ಟಿದ ಕೇಸು ನಿಲ್ಲುವುದಿಲ್ಲ.

ಇನ್ನೊಂದು ದಾರಿ ಧಾರವಾಡದಿಂದ ಹೊರಟದ್ದು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಅನ್ನುವ ಸಂಘಟನೆ 2009ರಲ್ಲೇ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಕೋರ್ಟು 2011ರ ಜುಲೈ 29ರಂದು ಬಳ್ಳಾರಿಯಲ್ಲಿ ಗಣಿಗಾರಿಕೆಯನ್ನೇ ನಿಲ್ಲಿಸಿತು. ಮುಂದಿನ ತಿಂಗಳು ಚಿತ್ರದುರ್ಗ, ತುಮಕೂರಿನಲ್ಲೂ ನಿಂತಿತು. ಆಮೇಲೆ ತಾನೇ ನೇಮಿಸಿದ್ದ ಕೇಂದ್ರ ಉನ್ನತಾಧಿಕಾರ ಸಮಿತಿಯ ಮೂಲಕ ಪ್ರತಿ ಗಣಿಯನ್ನೂ ಅಳೆಸಿತು. ಗಡಿ ಮೀರದವು ಎ, ಸ್ವಲ್ಪ ಮೀರಿದವು ಬಿ, ಲಂಗುಲಗಾಮಿಲ್ಲದೆ ನುಗ್ಗಿದವು ಸಿ. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಸಿ ವರ್ಗದ ಗುತ್ತಿಗೆಗಳು ರದ್ದಾದವು. ಉಳಿದವರಿಗೆ ಷರತ್ತು ಬಿತ್ತು. ವರ್ಷಕ್ಕೆ ಮೂರೂ ಜಿಲ್ಲೆ ಸೇರಿ 3 ಕೋಟಿ ಟನ್ ಮಿತಿ. ಕೆಡಿಸಿದ ಜಾಗವನ್ನು ಸರಿಪಡಿಸುವ ಯೋಜನೆ ಕಡ್ಡಾಯ. ಅದಿರು ಮಾರಾಟ ಇ-ಹರಾಜಿನಲ್ಲಿ ಮಾತ್ರ, ಅದೂ ಉಸ್ತುವಾರಿ ಸಮಿತಿಯ ಮೂಲಕ.

ಗಮನಿಸಿದಿರಾ? ಈ ತೀರ್ಪು ಯಾರನ್ನೂ ಜೈಲಿಗೆ ಕಳಿಸಲಿಲ್ಲ. ಅದಿರು ಹೋಗುವ ದಾರಿಯನ್ನೂ ದುಡ್ಡು ಬರುವ ದಾರಿಯನ್ನೂ ಬದಲಿಸಿತು ಅಷ್ಟೇ. ಮಾರಾಟ ಎಲ್ಲರ ಕಣ್ಣೆದುರು, ಕಂಪ್ಯೂಟರಿನಲ್ಲಿ, ದುಡ್ಡು ಬ್ಯಾಂಕಿನಲ್ಲಿ ಎಂದಾದ ಮೇಲೆ ಝೀರೋ ರಿಸ್ಕ್ ಏರ್ಪಾಡು ಮಾಡುವವನಿಗೆ ಮಾರಲು ಏನು ಉಳಿಯಿತು? ಇ-ಹರಾಜಿನ ಕಟ್ಟುಪಾಡನ್ನು 2022ರ ಮೇ ತಿಂಗಳಲ್ಲಿ ಕೋರ್ಟೇ ಸಡಿಲಿಸಿತು, ರಫ್ತಿಗೂ ದಾರಿ ಬಿಟ್ಟಿತು. ಆದರೆ ನಡುವಿನ ಹತ್ತಿರ ಹತ್ತಿರ ಹನ್ನೊಂದು ವರ್ಷ ಒಂದು ಪಾಠದಂತಿದೆ. ಅದೇ ಬೇಲೆಕೇರಿಯ ಕ್ರಿಮಿನಲ್ ಕೇಸು ನೋಡಿ. 2010ರ ಘಟನೆ. ಶಾಸಕರೊಬ್ಬರೂ ಸೇರಿ ಆರೋಪಿಗಳಿಗೆ ವಿಶೇಷ ನ್ಯಾಯಾಲಯ 7 ವರ್ಷ ಶಿಕ್ಷೆ ಕೊಟ್ಟಿದ್ದು 2024ರ ಅಕ್ಟೋಬರ್‌ನಲ್ಲಿ. ಮುಂದಿನ ತಿಂಗಳೇ ಹೈಕೋರ್ಟ್ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಮೇಲ್ಮನವಿ ಇದ್ದೇ ಇರುತ್ತದೆ, ಅದು ಅವರ ಹಕ್ಕು.

ಇಲ್ಲಿ ಸ್ವಲ್ಪ ಇಟಲಿಗೆ ಹೋಗಿ ಬರುತ್ತೇನೆ, ಬೇಜಾರಿಲ್ಲ ತಾನೇ? ಸಿಸಿಲಿಯಲ್ಲಿ ಮಾಫಿಯಾ ಕೇಸುಗಳು ಸಾಕ್ಷಿಯಿಲ್ಲದೆ ಬೀಳುತ್ತಿದ್ದವು. ಪಿಯೊ ಲಾ ತೊರ್ರೆ ಅನ್ನುವ ಕಮ್ಯುನಿಸ್ಟ್ ಸಂಸದ ಒಂದು ಮಸೂದೆ ತಂದಿದ್ದ. ಮಾಫಿಯಾ ಸಂಘಟನೆಗೆ ಸೇರಿರುವುದೇ ಅಪರಾಧ ಆಗಬೇಕು, ಅವರ ಆಸ್ತಿಯನ್ನು ಮುಟ್ಟುಗೋಲು ಹಾಕಬೇಕು ಅಂತ. 1982ರ ಏಪ್ರಿಲ್ 30ರಂದು ಪಲೆರ್ಮೊದಲ್ಲಿ ಅವನನ್ನು ಕೊಂದರು. ಸೆಪ್ಟೆಂಬರ್ 3ರಂದು ಅಲ್ಲಿಗೆ ಹೊಸದಾಗಿ ಪ್ರಿಫೆಕ್ಟ್ ಆಗಿ, ಅಂದರೆ ಕೇಂದ್ರ ಸರ್ಕಾರದ ಪ್ರತಿನಿಧಿಯಾಗಿ, ಬಂದಿದ್ದ ಜನರಲ್ ದಲ್ಲಾ ಕಿಯೇಸಾರನ್ನು ಕೊಂದರು. ಅದಾಗಿ ಹತ್ತು ದಿನಕ್ಕೆ ಕಾನೂನು ಪಾಸಾಯಿತು. ಅದರ ಬಲದ ಮೇಲೆ 1986ರಲ್ಲಿ ಪಲೆರ್ಮೊದ ಮಹಾ ವಿಚಾರಣೆ ಶುರುವಾಯಿತು. ನೂರಾರು ಜನರ ಶಿಕ್ಷೆ 1992ರ ಜನವರಿಯಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯದಲ್ಲೂ ಉಳಿಯಿತು. ಅದೇ ವರ್ಷ ಮೇ ತಿಂಗಳಲ್ಲಿ ಫಾಲ್ಕೋನೆ, ಜುಲೈನಲ್ಲಿ ಬೊರ್ಸೆಲ್ಲೀನೊ, ಆ ಕೇಸನ್ನು ಕಟ್ಟಿದ್ದ ಇಬ್ಬರು ನ್ಯಾಯಾಧೀಶರೂ ಬಾಂಬಿಗೆ ಬಲಿಯಾದರು. ಮಾಫಿಯಾಗೆ ಅಷ್ಟು ಸಿಟ್ಟು ಯಾಕೆ ಬಂತು? ಜೈಲಿನಲ್ಲಿದ್ದೂ ದಂಧೆ ನಡೆಸಬಲ್ಲ ಜನ ಅವರು. ಆಸ್ತಿ ಹೋದರೆ ನಡೆಸಲಾರರು. 1996ರಲ್ಲಿ ಇನ್ನೊಂದು ಕಾನೂನು ಬಂದು, ಮುಟ್ಟುಗೋಲಾದ ಜಮೀನನ್ನು ಸಹಕಾರ ಸಂಘಗಳಿಗೆ ಕೊಡುವುದಕ್ಕೆ ದಾರಿ ಮಾಡಿತು. ಕೊರ್ಲಿಯೋನೆಯ ಸುತ್ತಮುತ್ತ ಹಿಂದೆ ಮಾಫಿಯಾದವರ ಕೈಯಲ್ಲಿದ್ದ ಹೊಲಗಳಲ್ಲಿ ಈಗ ಸಹಕಾರಿಗಳು ಗೋಧಿ, ದ್ರಾಕ್ಷಿ ಬೆಳೆಯುತ್ತಾರೆ.

ನಮ್ಮಲ್ಲೂ ಸಂಘಟಿತ ಅಪರಾಧಕ್ಕೆ ಕಾನೂನು ಇದೆ. ಕೋಕಾ ಅಂತ ಪೇಪರಿನಲ್ಲಿ ಓದಿರುತ್ತೀರಿ, 2000ದ ಕರ್ನಾಟಕ ಕಾಯ್ದೆ. ಗೌರಿ ಲಂಕೇಶ್ ಹತ್ಯೆ ಪ್ರಕರಣದಲ್ಲಿ ಬಳಕೆಯಾಯಿತು. 2024ರ ಜುಲೈ 1ರಿಂದ, ಹಳೆಯ ದಂಡ ಸಂಹಿತೆಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 111ನೇ ಕಲಮು ಇಡೀ ದೇಶಕ್ಕೆ ಬಂದಿದೆ. ಅದರಲ್ಲಿ ಆರ್ಥಿಕ ಅಪರಾಧವೂ ಸೇರಿದೆ. ಆದರೆ ಎರಡರಲ್ಲೂ ಒಂದು ಷರತ್ತು ಇದೆ. ಹಿಂದಿನ 10 ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಚಾರ್ಜ್‌ಶೀಟ್ ಆಗಿರಬೇಕು, ಕೋರ್ಟು ಅವನ್ನು ವಿಚಾರಣೆಗೆ ತೆಗೆದುಕೊಂಡಿರಬೇಕು. ಪ್ರತಿಯೊಬ್ಬ ಆರೋಪಿಯ ಮೇಲೂ ಇರಬೇಕಾಗಿಲ್ಲ, ಆ ಗುಂಪಿನ ಮೇಲಿದ್ದರೆ ಸಾಕು ಎಂದು ಗೌರಿ ಪ್ರಕರಣದಲ್ಲೇ 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಷರತ್ತು ಇರುವುದು ಸರಿ, ಇಲ್ಲದಿದ್ದರೆ ಕಂಡಕಂಡವರ ಮೇಲೆಲ್ಲ ಹಾಕುತ್ತಾರೆ. ಆದರೆ ಅದಿರಿನ ಜಾಲಕ್ಕೆ ಇದು ಹೇಗೆ ತಾಗುತ್ತಿತ್ತು? ದೂರು ಕೊಡಬೇಕಾದ ಅಧಿಕಾರಿ ದೂರನ್ನೇ ಕೊಡದಿದ್ದರೆ ಚಾರ್ಜ್‌ಶೀಟ್ ಎಲ್ಲಿಂದ ಬರುತ್ತದೆ? ರೌಡಿಯ ಹೆಸರು ರೌಡಿ ಪಟ್ಟಿಯಲ್ಲಿರುತ್ತದೆ. ಅಧಿಕಾರಿಗಳನ್ನು ಕೊಂಡುಕೊಂಡವನ ದಾಖಲೆ ಸ್ವಚ್ಛವಾಗಿರುತ್ತದೆ.

ಈಗ ನಮ್ಮ ಲೋಕಾಯುಕ್ತಕ್ಕೆ ವಾಪಸ್ ಬರೋಣ. 1984ರ ಕಾಯ್ದೆ, ರಾಮಕೃಷ್ಣ ಹೆಗಡೆಯವರ ಸರ್ಕಾರದ್ದು, 1986ರಲ್ಲಿ ಜಾರಿಗೆ ಬಂತು. ನ್ಯಾಯಮೂರ್ತಿ ವೆಂಕಟಾಚಲ ಅವರ ಕಾಲದಲ್ಲಿ, 2001ರಿಂದ 2006ರವರೆಗೆ, ದಾಳಿ ಅಂದರೆ ಮನೆಮಾತಾಯಿತು. ಆದರೆ ಒಂದು ಸೂಕ್ಷ್ಮ ಗಮನಿಸಿ. ಲೋಕಾಯುಕ್ತದ ಪೊಲೀಸರಿಗೆ ಲಂಚದ ಕೇಸು ದಾಖಲಿಸುವ ಅಧಿಕಾರ ಕೊಟ್ಟಿದ್ದು ಸರ್ಕಾರದ ಅಧಿಸೂಚನೆಗಳು. ಕಾಯ್ದೆಯಲ್ಲೇ ಗಟ್ಟಿಯಾಗಿ ಬರೆದಿರಲಿಲ್ಲ. ಅಧಿಸೂಚನೆ ಕೊಟ್ಟ ಕೈ ಅದನ್ನು ವಾಪಸ್ ಪಡೆಯಬಹುದು. ಪಡೆಯಿತು ಕೂಡ.

ಲೋಕಾಯುಕ್ತವೇ ಅದಕ್ಕೆ ನೆಪ ಒದಗಿಸಿತು ಅನ್ನುವುದು ದುಃಖದ ವಿಷಯ. ಸಂತೋಷ್ ಹೆಗ್ಡೆ ನಂತರ ಬಂದವರು ನಿವೇಶನದ ವಿವಾದದಲ್ಲಿ ಕೆಲವೇ ವಾರಗಳಲ್ಲಿ ರಾಜೀನಾಮೆ ಕೊಟ್ಟರು. ಮುಂದೆ ಸುಮಾರು ಒಂದೂವರೆ ವರ್ಷ ಲೋಕಾಯುಕ್ತರ ಕುರ್ಚಿ ಖಾಲಿ. ಈ ಮಧ್ಯೆ ಉಪಲೋಕಾಯುಕ್ತರ ನೇಮಕವೊಂದು ಕೋರ್ಟಿನಲ್ಲಿ ಬಿತ್ತು, ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯವರ ಜೊತೆ ಸರಿಯಾಗಿ ಸಮಾಲೋಚಿಸಿರಲಿಲ್ಲ ಅಂತ. 2015ರಲ್ಲಂತೂ ಅಧಿಕಾರಿಗಳನ್ನು ಬೆದರಿಸಿ ಹಣ ಕೇಳಿದ ಆರೋಪದಲ್ಲಿ ಆಗಿನ ಲೋಕಾಯುಕ್ತರ ಮಗನೇ ಬಂಧನಕ್ಕೊಳಗಾದ. ಲೋಕಾಯುಕ್ತರು ಡಿಸೆಂಬರ್‌ನಲ್ಲಿ ರಾಜೀನಾಮೆ ಕೊಟ್ಟರು. ಜನರ ನಂಬಿಕೆ ನೆಲಕ್ಕೆ ಬಿದ್ದಿತ್ತು. ಆಗ, 2016ರ ಮಾರ್ಚ್ 14ರಂದು, ಸಿದ್ದರಾಮಯ್ಯ ಸರ್ಕಾರ ಒಂದು ಆದೇಶ ಹೊರಡಿಸಿ ಭ್ರಷ್ಟಾಚಾರ ನಿಗ್ರಹ ದಳ, ಎಸಿಬಿ, ಮಾಡಿತು. ಲೋಕಾಯುಕ್ತ ಪೊಲೀಸರ ಅಧಿಕಾರ ವಾಪಸಾಯಿತು. ಎಸಿಬಿ ಯಾರ ಕೆಳಗೆ? ಸಿಬ್ಬಂದಿ ಮತ್ತು ಆಡಳಿತ ಸುಧಾರಣೆ ಇಲಾಖೆ. ಅಂದರೆ ಕೊನೆಗೆ ಮುಖ್ಯಮಂತ್ರಿ.

ಆಗ ವಿರೋಧ ಪಕ್ಷದಲ್ಲಿದ್ದವರು ಅಬ್ಬರಿಸಿದರು. ನಾವು ಬಂದರೆ ಎಸಿಬಿ ಮುಚ್ಚುತ್ತೇವೆ ಅಂದರು. ಬಂದರು, ಮುಚ್ಚಲಿಲ್ಲ. ಕೊನೆಗೆ 2022ರ ಆಗಸ್ಟ್ 11ರಂದು ಹೈಕೋರ್ಟೇ ಎಸಿಬಿ ರಚನೆಯ ಆದೇಶವನ್ನು ರದ್ದು ಮಾಡಿ ಲೋಕಾಯುಕ್ತ ಪೊಲೀಸರಿಗೆ ಅಧಿಕಾರ ಮರಳಿಸಿತು. ಶಾಸನ ಸಭೆ ಕಟ್ಟಿದ ಸಂಸ್ಥೆಯನ್ನು ಒಂದು ಸರ್ಕಾರಿ ಆದೇಶದಿಂದ ಹಲ್ಲು ಕಿತ್ತು ಕೂರಿಸುವಂತಿಲ್ಲ ಅನ್ನುವುದು ಅದರ ತಿರುಳು. ಇದರಲ್ಲಿ ಒಂದು ವಿನೋದವೂ ಇದೆ. 2024ರಲ್ಲಿ ಮೈಸೂರಿನ ನಗರಾಭಿವೃದ್ಧಿ ಪ್ರಾಧಿಕಾರದ, ಮುಡಾದ, ನಿವೇಶನಗಳ ವಿಷಯದಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರ ಮೇಲೆ ತನಿಖೆ ನಡೆಸಿದ್ದು ಅದೇ ಲೋಕಾಯುಕ್ತ ಪೊಲೀಸರು. ಅವರ ವಿರುದ್ಧ ಸಾಕ್ಷ್ಯ ಇಲ್ಲ ಎಂದು 2025ರ ಫೆಬ್ರುವರಿಯಲ್ಲಿ ವರದಿಯನ್ನೂ ಕೊಟ್ಟರು.

ಆ ತನಿಖೆಗೆ ರಾಜ್ಯಪಾಲರು ಒಪ್ಪಿಗೆ ಕೊಟ್ಟರು ಅಂತ ದೊಡ್ಡ ಗಲಾಟೆ ಆಯಿತಲ್ಲ, ಆ ಒಪ್ಪಿಗೆ ಭ್ರಷ್ಟಾಚಾರ ತಡೆ ಕಾಯ್ದೆಯ 17-ಎ ಕಲಮಿನದ್ದು. ಇವತ್ತು ನೀವು ಒಂದೇ ಕಲಮನ್ನು ನೆನಪಿಟ್ಟುಕೊಂಡು ಹೋಗುವುದಾದರೆ ಇದನ್ನೇ ಇಟ್ಟುಕೊಳ್ಳಿ. ಇದರ ಚರಿತ್ರೆ ಪತ್ತೇದಾರಿ ಕಥೆಯ ಹಾಗಿದೆ.

ಮೊದಲು ಕೇಂದ್ರ ಸರ್ಕಾರದ ಒಂದು ಆಂತರಿಕ ಸೂಚನೆ ಇತ್ತು. ದೊಡ್ಡ ಅಧಿಕಾರಿಗಳ ಮೇಲೆ ಸಿಬಿಐ ವಿಚಾರಣೆ ಶುರು ಮಾಡಬೇಕಾದರೆ ಮೊದಲು ಸರ್ಕಾರದ ಅನುಮತಿ ಪಡೆಯಬೇಕು ಅಂತ. 1997ರ ಡಿಸೆಂಬರ್‌ನಲ್ಲಿ ಹವಾಲಾ ಕೇಸಿನ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿತು. ಸೂಚನೆ ತಾನೇ ಬಿದ್ದದ್ದು, ಕಾನೂನೇ ಮಾಡೋಣ ಅಂತ 2003ರಲ್ಲಿ ಸಿಬಿಐ ನಡೆಯುವ ದೆಹಲಿ ವಿಶೇಷ ಪೊಲೀಸ್ ಸ್ಥಾಪನಾ ಕಾಯ್ದೆಗೆ 6-ಎ ಕಲಮು ಸೇರಿಸಿದರು. ಜಂಟಿ ಕಾರ್ಯದರ್ಶಿ ಮತ್ತು ಅದಕ್ಕೆ ಮೇಲಿನವರಿಗೆ ರಕ್ಷಣೆ. 2014ರ ಮೇ ತಿಂಗಳಲ್ಲಿ ಸಂವಿಧಾನ ಪೀಠ ಅದನ್ನೂ ಹೊಡೆದುಹಾಕಿತು. ಲಂಚದ ವಿಷಯದಲ್ಲಿ ದೊಡ್ಡ ಅಧಿಕಾರಿ, ಸಣ್ಣ ಅಧಿಕಾರಿ ಅಂತ ಭೇದ ಮಾಡುವುದು ಸಮಾನತೆಗೆ ವಿರುದ್ಧ ಎಂದಿತು. ಆಮೇಲೆ 2018ರ ಜುಲೈನಲ್ಲಿ 17-ಎ ಬಂತು. ಅದರಲ್ಲಿ ಭೇದ ಇಲ್ಲ. ಎಲ್ಲ ಸಾರ್ವಜನಿಕ ನೌಕರರಿಗೂ ರಕ್ಷಣೆ! ಕೋರ್ಟು ಸಮಾನತೆ ಕೇಳಿತು, ಸಂಸತ್ತು ಸಮಾನತೆ ಕೊಟ್ಟಿತು. ಕೇಳಿದ ರೀತಿಯಲ್ಲಿ ಅಲ್ಲ.

17-ಎ ಹೇಳುವುದು ಏನು? ನೌಕರ ತನ್ನ ಅಧಿಕೃತ ಕೆಲಸದಲ್ಲಿ ಮಾಡಿದ ಶಿಫಾರಸು ಅಥವಾ ತೆಗೆದುಕೊಂಡ ತೀರ್ಮಾನದ ಬಗ್ಗೆ ಆರೋಪ ಬಂದರೆ, ಪೂರ್ವಾನುಮತಿ ಇಲ್ಲದೆ ಪೊಲೀಸರು ವಿಚಾರಣೆಯನ್ನೇ ಶುರು ಮಾಡುವಂತಿಲ್ಲ. ಅನುಮತಿಯ ತೀರ್ಮಾನ 3 ತಿಂಗಳಲ್ಲಿ ಆಗಬೇಕು, ಇನ್ನೊಂದು ತಿಂಗಳು ವಿಸ್ತರಿಸಬಹುದು. ಕೈಗೆ ದುಡ್ಡು ತೆಗೆದುಕೊಳ್ಳುವಾಗಲೇ ಹಿಡಿಯುವ ಟ್ರ್ಯಾಪ್ ಕೇಸಿಗೆ ಇದು ಬೇಕಿಲ್ಲ. ಅಂದರೆ ಐನೂರು ರೂಪಾಯಿ ಕೇಳಿದ ಗುಮಾಸ್ತ ಸಲೀಸಾಗಿ ಸಿಗುತ್ತಾನೆ. ಐನೂರು ಕೋಟಿಯ ಟೆಂಡರಿಗೆ ಸಹಿ ಹಾಕಿದವರ ಮೇಲೆ ವಿಚಾರಣೆ ಶುರುವಾಗಬೇಕಾದರೆ ಫೈಲು ಸುತ್ತಬೇಕು. ಆ ಮೂರು ನಾಲ್ಕು ತಿಂಗಳಲ್ಲಿ ದಾಖಲೆ ಎಲ್ಲಿರುತ್ತದೆ, ಹಣ ಎಲ್ಲಿರುತ್ತದೆ?

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ನನ್ನ ಹತ್ತಿರ ಬರುವ ಕಕ್ಷಿದಾರರಲ್ಲಿ ಅಧಿಕಾರಿಗಳೂ ಇದ್ದಾರೆ. ಪ್ರಾಮಾಣಿಕರು. ಫೈಲಿಗೆ ಸಹಿ ಹಾಕಲು ಅವರಿಗೆ ಭಯ. ಟೆಂಡರ್ ಸಿಗದವನು ಒಂದು ಸುಳ್ಳು ದೂರು ಕೊಟ್ಟರೆ ಹತ್ತು ವರ್ಷ ಬಡ್ತಿ ಇಲ್ಲ, ನಿವೃತ್ತಿ ಸೌಲಭ್ಯ ಇಲ್ಲ. ಅವರಿಗೆ ರಕ್ಷಣೆ ಬೇಡವೇ? ಬೇಕು. ನನ್ನ ತಕರಾರು ರಕ್ಷಣೆಯ ಬಗ್ಗೆ ಅಲ್ಲ. ಆ ಅನುಮತಿಯನ್ನು ಸರ್ಕಾರದ ಹೊರಗಿನವರು ಕೊಡಲಿ. ಲೋಕಾಯುಕ್ತರಂಥವರು ಕೊಡಲಿ. ಮಂತ್ರಿಯ ಮಾತಿನ ಮೇಲೆ ಸಹಿ ಹಾಕಿದ ಅಧಿಕಾರಿಯ ವಿಚಾರಣೆಗೆ ಅದೇ ಮಂತ್ರಿಯ ಸರ್ಕಾರದಿಂದ ಅನುಮತಿ ಬೇಕು ಅನ್ನುವುದು ಯಾವ ನ್ಯಾಯ?

ಟ್ರ್ಯಾಪ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ನೋಟಿಗೆ ಪುಡಿ ಹಚ್ಚುತ್ತಾರೆ, ಮುಟ್ಟಿದ ಕೈಯನ್ನು ದ್ರಾವಣದಲ್ಲಿ ಅದ್ದಿದರೆ ಗುಲಾಬಿ ಬಣ್ಣ ಬರುತ್ತದೆ. ಟಿವಿಯಲ್ಲಿ ನೋಡಿದ್ದೀರಿ. ಆದರೆ ಬಣ್ಣ ಬಂದರೆ ಸಾಲದು. ಅವನು ಲಂಚ ಕೇಳಿದ ಅನ್ನುವುದನ್ನು ರುಜುವಾತು ಮಾಡಬೇಕು. ಕೇಸು ಎಷ್ಟೋ ವರ್ಷ ಎಳೆಯುವಷ್ಟರಲ್ಲಿ ದೂರು ಕೊಟ್ಟವರು ತೀರಿಹೋಗಿರುತ್ತಾರೆ, ಇಲ್ಲವೇ "ನನಗೆ ನೆನಪಿಲ್ಲ ಸ್ವಾಮಿ" ಅಂದುಬಿಡುತ್ತಾರೆ. ಹಾಗಾದರೂ ಬೇರೆ ಸಾಕ್ಷಿ, ಸಂದರ್ಭಗಳಿಂದ ಕೇಳಿದ್ದನ್ನು ಸಾಬೀತು ಮಾಡಬಹುದು ಎಂದು 2022ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. 2018ರ ತಿದ್ದುಪಡಿಯಲ್ಲಿ ನಮ್ಮಂಥವರಿಗೆ ಸಂಬಂಧಿಸಿದ ಇನ್ನೊಂದು ಸಾಲು ಇದೆ. ಲಂಚ ಕೊಡುವುದೂ ಅಪರಾಧ. ಬಲವಂತಕ್ಕೆ ಕೊಟ್ಟಿದ್ದರೆ 7 ದಿನದೊಳಗೆ ಪೊಲೀಸರಿಗೆ ಅಥವಾ ತನಿಖಾ ಸಂಸ್ಥೆಗೆ ತಿಳಿಸಬೇಕು. ಪಿಂಚಣಿಗಾಗಿ ಅಲೆಯುವ ಅಜ್ಜಿಗೆ ಈ ಏಳು ದಿನದ ಲೆಕ್ಕ ಯಾರು ಹೇಳುತ್ತಾರೆ ಅಂತ ನನಗೆ ತಿಳಿಯದು.

ಸರ್ಕಾರಿ ಕೆಲಸಗಳಿಗೆ ಗಡುವು ಹಾಕುವ ಸಕಾಲದ ಬಗ್ಗೆ ಮುಂದಿನ ಸಾಲಿನ ಮೇಷ್ಟ್ರು ಕೇಳಿದರು. 2011ರ ಕಾಯ್ದೆ, 2012ರಲ್ಲಿ ಶುರುವಾಯಿತು. ಕೆಲಸ ತಡವಾದರೆ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ ಪರಿಹಾರ. ಆ ದುಡ್ಡು ಕೇಳಲು ಹೋಗುವವರು ಬಹಳ ಕಡಿಮೆ. ನಾಳೆ ಅದೇ ಕಚೇರಿಗೆ ಇನ್ನೊಂದು ಕೆಲಸಕ್ಕೆ ಹೋಗಬೇಕಲ್ಲ! ಆದರೂ ಅದನ್ನು ನಾನು ಒಳ್ಳೆಯ ಕಾನೂನು ಅನ್ನುತ್ತೇನೆ. ಅರ್ಜಿಗೆ ನಂಬರು ಬಿತ್ತು, ಗಡುವು ಬಿತ್ತು. ಫೈಲನ್ನು ಸುಮ್ನೆ ಇಟ್ಟುಕೊಂಡು ಕೂರುವುದು ಮೊದಲಿನಷ್ಟು ಸುಲಭವಲ್ಲ.

ಕೊನೆಯದಾಗಿ ಆ ತಂಗಿ ಚೀಟಿಯಲ್ಲಿ ಬರೆದು ಕಳಿಸಿದ ಪ್ರಶ್ನೆ. "ಲೋಕಾಯುಕ್ತಕ್ಕೆ ಸಾಮಾನ್ಯರು ದೂರು ಕೊಡುವುದು ಹೇಗೆ, ವಕೀಲರು ಬೇಕೇ?" ಬೇಡಮ್ಮ. ದೂರಿಗೆ ಒಂದು ನಮೂನೆ ಇದೆ, ಜೊತೆಗೆ ಪ್ರಮಾಣಪತ್ರ ಕೊಡಬೇಕು. ಬೇಕಂತಲೇ ಸುಳ್ಳು ದೂರು ಕೊಟ್ಟರೆ ಕಾಯ್ದೆಯಲ್ಲಿ ಜೈಲು ಶಿಕ್ಷೆ ಇದೆ, ಅದಕ್ಕೆ ದಾಖಲೆ ಇದ್ದಷ್ಟೇ ಬರೆಯಿರಿ. ಆರೋಪ 5 ವರ್ಷಕ್ಕಿಂತ ಹಳೆಯದಾಗಿದ್ದರೆ ತೆಗೆದುಕೊಳ್ಳುವುದಿಲ್ಲ. ಲಂಚ ಕೇಳುತ್ತಿದ್ದಾರೆ, ಇನ್ನೂ ಕೊಟ್ಟಿಲ್ಲ ಅನ್ನುವುದಾದರೆ ನಮೂನೆ ಹುಡುಕುತ್ತಾ ಕೂರಬೇಡಿ. ಜಿಲ್ಲೆಯ ಲೋಕಾಯುಕ್ತ ಪೊಲೀಸ್ ಠಾಣೆಗೆ ನೇರವಾಗಿ ಹೋಗಿ. ಅವರು ಕೇಳಿದ ದಿನ, ಜಾಗ, ಮಾತು, ಫೋನು ಬಂದ ಹೊತ್ತು, ಎಲ್ಲ ಅವತ್ತೇ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಎಷ್ಟೋ ವರ್ಷದ ಮೇಲೆ ಕಟಕಟೆಯಲ್ಲಿ ನಿಂತಾಗ ಎದುರಿನ ವಕೀಲರು ನಿಮ್ಮನ್ನು ಕೇಳುವುದು ಅದನ್ನೇ.